ಅಕ್ಕ ಎಂಬ ಸಂಬೋಧನೆ

ಕುಣಿಗಲ್ ಸೀಮೆಯ ಅಮೃತೂರಿನಲ್ಲಿ ಒಡಹುಟ್ಟಿದವಳನ್ನು ಮಾತ್ರವಲ್ಲದೆ, ಹೆಸರರಿಯದ ಹಿರಿಯ ಸ್ತ್ರೀಯನ್ನೂ ಜನರು ‘ಅಕ್ಕ’ ಎಂದೇ ಸಂಬೋಧಿಸುವರು. ಕನ್ನಡದೊಡನೆ ತಮಿಳು, ತೆಲುಗುಗಳಿಗೂ ಸಮಾನವಾದ ಈ ಪ್ರಾಚೀನ ಶಬ್ದವು ಸಂಸ್ಕೃತದಲ್ಲಿ ತಾಯಿಯೆಂಬ ಅರ್ಥವನ್ನು ತಳೆದಿದೆ. ಪಾಣಿನಿಯ ಸೂತ್ರವೊಂದಕ್ಕೆ ವ್ಯಾಖ್ಯಾನಕಾರರು ಕೊಡುವ ಉದಾಹರಣೆಗಳಲ್ಲಿ ‘ಹೇ ಅಂಬ’ದ ಜೊತೆಗೆ ‘ಹೇ ಅಕ್ಕ’ವೂ ಉಂಟು. 12ನೆಯ ಶತಮಾನದಲ್ಲಿ ಶರಣರು ವಯಸ್ಸಿನಲ್ಲಿ ಕಿರಿಯಳಾದ ಮಹಾದೇವಿಯನ್ನು ಅಕ್ಕನೆಂದು ಗೌರವಿಸಿದಾಗ, ಪ್ರಾಯದ ಹಿರಿತನವನ್ನು ಸೂಚಿಸುತ್ತಿದ್ದ ಪದವು ಅನುಭಾವದ ಹಿರಿತನಕ್ಕೆ ಸಂದಿತು. ಈ ಶಬ್ದಕ್ಕೆ ದೊರೆತ ಅತ್ಯುನ್ನತ ಪದವಿ ಅದೇ ಎಂದು ನನ್ನ ದೃಢವಾದ ನಂಬುಗೆ. ಇತ್ತ ಅಕ್ಕನ ಮಗಳನ್ನು ವರಿಸುವ ಪದ್ಧತಿಯಿದ್ದ ಹಳೆಯ ಮೈಸೂರಿನ ಮನೆಗಳಲ್ಲಿ, ಅಕ್ಕನು ಅತ್ತೆಯಾದ ಮೇಲೂ ತಮ್ಮನ ಬಾಯಲ್ಲಿ ಅಕ್ಕನಾಗಿಯೇ ಉಳಿದಳು. 1998ರಲ್ಲಿ ಸ್ಥಾಪಿತವಾದ ಅಮೆರಿಕದ ಕನ್ನಡ ಕೂಟಗಳ ಒಕ್ಕೂಟವೂ ‘ಅಕ್ಕ’ ಎಂಬ ಹೆಸರನ್ನೇ ಧರಿಸಿದೆ.