ಆರೋಗ್ಯದ ತೋಟಕ್ಕೆ ಜನರು ಕಟ್ಟುವ ಬೆಲೆ

ತೋಟದ ಬೆಲೆಯನ್ನು ಅಲ್ಲಿ ಬೆಳೆದ ಕಾಯಿಪಲ್ಯದಿಂದಲೇ ಅಳೆಯುವುದು ನಮ್ಮ ರೂಢಿ. ಆದರೆ ರೋಗಿಗಳೂ ವೃದ್ಧರೂ ಮನೋವ್ಯಥೆಗೊಳಗಾದವರೂ ಕೈಯಾರೆ ಸಸಿ ನೆಟ್ಟು ನೀರೆರೆಯುವುದರಿಂದ ಹೊಂದತಕ್ಕ ನೆಮ್ಮದಿಯು ಸಂತೆಯ ತಕ್ಕಡಿಗೆ ಸಿಕ್ಕತಕ್ಕದ್ದಲ್ಲ. ಬೆಂಗಳೂರಿನ ನಿಮ್ಹಾನ್ಸ್ ಸಂಸ್ಥೆಯು ಮನೋರೋಗಿಗಳ ಪುನರ್ವಸತಿಯ ಕಸುಬುಗಳಲ್ಲಿ ತೋಟಗಾರಿಕೆಯನ್ನೂ ಸೇರಿಸಿಕೊಂಡಿರುವುದುಂಟು.

ಇಂತಹ ಗುಣಕ್ಕೂ ಹಣಕ್ಕೂ ಸಂಬಂಧವಿದೆಯೆ? ಅಮೆರಿಕದ ಪೆನ್ಸಿಲ್ವೇನಿಯಾದ ಒಂದು ಆಸ್ಪತ್ರೆಯಲ್ಲಿ ಪಿತ್ತಕೋಶದ ಶಸ್ತ್ರಚಿಕಿತ್ಸೆಯಾದ 46 ರೋಗಿಗಳ ದಾಖಲೆಗಳನ್ನು ರೋಜರ್ ಉಲ್ರಿಕ್ ಎಂಬ ವಿದ್ವಾಂಸರು ಹೋಲಿಸಿ 1984ರಲ್ಲಿ ಪ್ರಕಟಿಸಿದರು. ಕಿಟಕಿಯಿಂದ ಮರಗಳನ್ನು ಕಾಣುತ್ತಿದ್ದವರು ಸರಾಸರಿ 7.96 ದಿನಗಳಲ್ಲಿಯೂ, ಇಟ್ಟಿಗೆಯ ಗೋಡೆಯನ್ನು ಕಾಣುತ್ತಿದ್ದವರು 8.70 ದಿನಗಳಲ್ಲಿಯೂ ಮನೆಗೆ ಮರಳಿದರು. ಪರೀಕ್ಷೆಯು ಚಿಕ್ಕದು; ಆದರೂ ಆಸ್ಪತ್ರೆಯ ಮುಕ್ಕಾಲು ದಿನದ ಖರ್ಚು ಎಷ್ಟೆಂಬುದನ್ನು ಗೃಹಸ್ಥರೆಲ್ಲರೂ ಬಲ್ಲರು.

ಬಳ್ಳಾರಿಯ ಸೀಮೆಯಲ್ಲಿ ತೋಟದ ದೊಡ್ಡ ಖರ್ಚು ನೀರು. ಒಂದು ಗುಂಟೆಗೆ ದಿನವೊಂದಕ್ಕೆ 5 ಮಿಲಿಮೀಟರಿನಂತೆ ನೀರುಣಿಸಲು ಸುಮಾರು 500 ಲೀಟರ್ ಬೇಕು. ಕಡುಬೇಸಗೆಯಲ್ಲಿ ಇನ್ನೂ ಅಧಿಕ. ನಗರದ ಪಾರ್ವತಿನಗರದಲ್ಲಾಗಲಿ, ಸಿರುಗುಪ್ಪ, ಕುರುಗೋಡುಗಳ ಗ್ರಾಮಗಳಲ್ಲಾಗಲಿ ಇಷ್ಟು ನೀರನ್ನು ಬಿಟ್ಟುಕೊಡಲು ಜನರು ಒಪ್ಪುವರೇ ಎಂಬುದೇ ಆ ತೋಟದ ನಿಜವಾದ ಬೆಲೆ.

ಇದನ್ನು ಅರಿಯಲು ಅರ್ಥಶಾಸ್ತ್ರಜ್ಞರು ಜನರನ್ನೇ ಪ್ರಶ್ನಿಸುವ ಕ್ರಮವನ್ನು ಅನುಸರಿಸುತ್ತಾರೆ. "ತೋಟ ಬೇಕೇ?" ಎಂದು ಕೇಳಿದರೆ ಬೇಡವೆನ್ನುವವರು ವಿರಳ. ಆದುದರಿಂದ ಕೊಡತಕ್ಕುದನ್ನು ಮೊದಲು ತಿಳಿಸಿ, ಅನಂತರ ಒಪ್ಪಿಗೆ ಕೇಳತಕ್ಕದ್ದು. ಕೆನೆತ್ ಆರೋ, ರಾಬರ್ಟ್ ಸೊಲೊ ಅವರ ಸಮಿತಿಯು 1993ರಲ್ಲಿ ಅಮೆರಿಕದ ಸರ್ಕಾರಕ್ಕೆ ಇದೇ ಬಗೆಯ ಎಚ್ಚರಿಕೆಯನ್ನು ಹೇಳಿತು.

ಹಣವಿಲ್ಲದವರು ದುಡಿಮೆಯನ್ನು ಕೊಡಬಹುದು. ಉದಾಹರಣೆಗೆ, 40 ಮನೆಗಳವರು ವಾರಕ್ಕೆ ತಲಾ ಒಂದು ಗಂಟೆಯ ಕೆಲಸಕ್ಕೆ ಒಪ್ಪಿದರೆ ವರ್ಷಕ್ಕೆ 2,080 ಗಂಟೆಗಳು, ಎಂದರೆ ದಿನಕ್ಕೆ 8 ಗಂಟೆಯಂತೆ 260 ಆಳಿನ ಕೆಲಸವಾಗುವುದು. ಇದನ್ನು ಊರಿನ ಕೂಲಿಯ ದರದಿಂದ ಗುಣಿಸಿದರೆ ತೋಟಕ್ಕೆ ಜನರು ಕಟ್ಟಿದ ಬೆಲೆಯು ಅಂಕಿಯಲ್ಲಿಯೇ ಕಾಣುವುದು.

ಗ್ರಾಮದ ಮುಖಂಡರೂ ಜಮೀನುದಾರರೂ ಆರೋಗ್ಯ ಕೇಂದ್ರದ ಬಳಿಯಲ್ಲಿ ಒಂದು ಗುಂಟೆಗೆ ಮೀರದಂತೆ ಆರಂಭಿಸುವುದು ಲೇಸು. ಬಾಗಲಾರದ ವೃದ್ಧರಿಗಾಗಿ ಸೊಂಟದೆತ್ತರದ ಕಟ್ಟೆಗಳಲ್ಲಿ ಮಣ್ಣು ತುಂಬಿ, ಬೇವಿನ ನೆರಳಿನ ಅಂಚಿನಲ್ಲಿ ತುಳಸಿ, ಕರಿಬೇವು, ಸೊಪ್ಪುಗಳನ್ನು ಬೆಳೆಸಬಹುದು. ಕೆಲಸವು ತಂಪು ಹೊತ್ತಿನಲ್ಲಿಯೇ ನಡೆಯಲಿ. ತೋಟವು ಔಷಧಕ್ಕೆ ಬದಲಲ್ಲ. ವೈದ್ಯರ ಸಲಹೆಯನ್ನು ಬಿಡಕೂಡದು. ಚೈತ್ರ ವೈಶಾಖಗಳಲ್ಲಿ ನೀರೆರೆಯುವವರು ಯಾರೆಂಬುದು ಗೊತ್ತಾಗದೆ ಒಂದು ಸಸಿಯನ್ನೂ ನೆಡಬಾರದು. ತಾವೇ ನೆಟ್ಟುದು ಕಣ್ಣೆದುರಿಗೆ ಒಣಗುವುದನ್ನು ನೋಡುವುದು ನೊಂದವರಿಗೆ ಮತ್ತೊಂದು ನೋವು.