ಅಂಚೆಯಲ್ಲಿ ಬಂದ ಪಾಠ

ಕಿವುಡು ಮಕ್ಕಳ ಶಿಕ್ಷಣದ ಚರಿತ್ರೆ ಹೇಳುವವರು ಸಾಮಾನ್ಯವಾಗಿ ಕಿವುಡರ ಶಿಕ್ಷಕರ 1880ರ ಮಿಲಾನ್ ಸಮ್ಮೇಳನದಿಂದ ಹೊರಟು, ಬಾಯಿಮಾತೋ ಸನ್ನೆಯೋ ಎಂಬ ಜಗಳದಲ್ಲೇ ಉಳಿದುಬಿಡುತ್ತಾರೆ. ಆ ಚರಿತ್ರೆಯಲ್ಲಿ ನನ್ನನ್ನು ಹಿಡಿದು ನಿಲ್ಲಿಸಿದ್ದು ಲಾಸ್ ಏಂಜಲೀಸ್‌ನಿಂದ ಅಂಚೆಯಲ್ಲಿ ಹೋಗುತ್ತಿದ್ದ ಪಾಠಗಳು. ಹಾಲಿವುಡ್ ನಟ ಸ್ಪೆನ್ಸರ್ ಟ್ರೇಸಿಯ ಪತ್ನಿ ಲೂಯಿಸ್‌ಗೆ, ಬಾಗಿಲು ಧಡಾರನೆ ಬಡಿದರೂ ಹತ್ತು ತಿಂಗಳ ಮಗ ಜಾನ್ ನಿದ್ದೆಯಿಂದ ಏಳದಿದ್ದಾಗ ಅವನಿಗೆ ಕಿವಿ ಕೇಳುವುದಿಲ್ಲವೆಂದು ಗೊತ್ತಾಯಿತು. ಅವನಿಗೆ ಕಲಿಸುತ್ತ ತಾವೂ ಕಲಿತ ಆಕೆ 1942ರಲ್ಲಿ ಜಾನ್ ಟ್ರೇಸಿ ಕ್ಲಿನಿಕ್ ತೆರೆದರು. ಅಲ್ಲಿ ಮಕ್ಕಳಿಗಿಂತ ಮೊದಲು ಕಲಿಯಬೇಕಾದವರು ತಂದೆ ತಾಯಿ. ದೂರದವರಿಗೆ ಪಾಠ ಅಂಚೆಯಲ್ಲಿ ಹೋಗುತ್ತಿತ್ತು, ಅದೂ ಉಚಿತವಾಗಿ. ಪಾಠ ಮಾಡಿಸಿದ ಮೇಲೆ ಮಗು ಏನು ಮಾಡಿತೆಂದು ತಾಯಿ ಬರೆದು ಕಳಿಸಿದರೆ, ಆ ಮಗುವಿನ ಬಗ್ಗೆಯೇ ಬರೆದ ಉತ್ತರ ಮನೆಗೆ ಬರುತ್ತಿತ್ತು. ಚಿಕಿತ್ಸೆಯ ಚರಿತ್ರೆಯಲ್ಲಿ ಇಷ್ಟು ಅಕ್ಕರೆಯ ಏರ್ಪಾಡು ಅಪರೂಪ. ಕ್ಲಿನಿಕ್ ಸನ್ನೆಯನ್ನು ದೂರವಿಟ್ಟು ಬಾಯಿಮಾತಿಗೇ ಅಂಟಿಕೊಂಡಿದ್ದು ಮಾತ್ರ ನನಗೆ ಒಪ್ಪಿಗೆಯಿಲ್ಲ.

ಲೂಯಿಸ್ ಅನುಭವದಿಂದ ಕಂಡುಕೊಂಡದ್ದಕ್ಕೆ ಸಂಶೋಧನೆಯ ಆಧಾರ ಸಿಕ್ಕಿದ್ದು ಅರ್ಧ ಶತಮಾನದ ಮೇಲೆ. 1998ರಲ್ಲಿ ಕೊಲರಾಡೊದ ಕ್ರಿಸ್ಟೀನ್ ಯೋಶಿನಾಗ ಇಟಾನೊ ತಂಡ, ಆರು ತಿಂಗಳೊಳಗೆ ದೋಷ ಪತ್ತೆಯಾಗಿ ನೆರವು ಸಿಕ್ಕ ಮಕ್ಕಳು ಭಾಷೆಯಲ್ಲಿ ಮುಂದಿರುತ್ತಾರೆಂದು ತೋರಿಸಿತು. 2000ದಲ್ಲಿ ನೆಬ್ರಾಸ್ಕದ ಮೇರಿ ಪ್ಯಾಟ್ ಮೋಲರ್ 112 ಮಕ್ಕಳನ್ನು ಅಭ್ಯಸಿಸಿದಾಗ, ಐದನೇ ವಯಸ್ಸಿನ ಪದಸಂಪತ್ತಿನಲ್ಲಿ ಕಿವುಡಿನ ತೀವ್ರತೆಗಿಂತ ಮನೆಯವರ ತೊಡಗಿಕೊಳ್ಳುವಿಕೆ ಹೆಚ್ಚು ತೂಗಿತು. ಕಾರಣ ತಿಳಿಯುವುದು ಕಷ್ಟವಲ್ಲ. ಕಿವುಡು ಮಕ್ಕಳಲ್ಲಿ ನೂರಕ್ಕೆ ತೊಂಬತ್ತಕ್ಕೂ ಹೆಚ್ಚು ಮಂದಿಯ ತಂದೆ ತಾಯಿಗೆ ಕಿವಿ ಕೇಳುತ್ತದೆ. ಇಂಥ ಮಗುವಿನ ಜೊತೆ ಮಾತಾಡುವ ಬಗೆ ಅವರಿಗೆ ಗೊತ್ತಿರುವುದಿಲ್ಲ. ಅವರೆಕಾಳು ಹಿದುಕುವ ತಾಯಿ ತಲೆ ತಗ್ಗಿಸಿಕೊಂಡೇ ಮಾತಾಡಿದರೆ ಕೇಳುವ ಮಗು ಪಕ್ಕದಲ್ಲಿ ಆಡುತ್ತಲೇ ಹತ್ತು ಪದ ಹೆಕ್ಕಿಕೊಳ್ಳುತ್ತದೆ. ಕಿವುಡು ಮಗುವಿಗಾದರೆ ಅವಳು ಕಾಳನ್ನು ತನ್ನ ಕೆನ್ನೆಯ ಬಳಿ ಹಿಡಿದು, ಮಗುವಿನ ಕಣ್ಣು ಬರುವವರೆಗೆ ಕಾದು, ಆಮೇಲೆ ಹೆಸರು ಹೇಳಬೇಕು ಅಥವಾ ಸನ್ನೆ ಮಾಡಬೇಕು. ಆ ಕಾಯುವಿಕೆಯನ್ನು ಯಾರಾದರೂ ಕಲಿಸಿಕೊಡಬೇಕು.

ಕಿವಿಯೊಳಗೆ ಅಳವಡಿಸುವ ಕಾಕ್ಲಿಯರ್ ಇಂಪ್ಲಾಂಟ್ ಯಂತ್ರ ಇರುವಾಗ ಇದೆಲ್ಲ ಯಾಕೆ ಎನ್ನುವವರಿದ್ದಾರೆ. ಯಂತ್ರ ಶಬ್ದವನ್ನು ಒಳಗೆ ಕಳಿಸಬಲ್ಲದು; ಶಬ್ದಕ್ಕೆ ಅರ್ಥ ಹುಟ್ಟುವುದು ದಿನವಿಡೀ ಮಗುವಿನೊಡನೆ ಇರುವವರಿಂದ. ಸನ್ನೆ ಕಲಿಸಿದರೆ ಮಾತು ಬಾರದೆಂಬ ಭಯವೂ ಬಲವಾಗಿದೆ. ಆದರೆ ಕೊಲರಾಡೊದಲ್ಲಿ ಬೇಗ ಪತ್ತೆಯಾದ ಲಾಭ ಬಾಯಿಮಾತಿನ ಮಕ್ಕಳಿಗೂ ಸನ್ನೆಯ ಮಕ್ಕಳಿಗೂ ಸಿಕ್ಕಿತ್ತು. ಮೊದಲ ವರ್ಷಗಳಲ್ಲಿ ಯಾವ ಭಾಷೆಯೂ ಸಿಗದೆ ಹೋಗುವುದೇ ನಿಜವಾದ ನಷ್ಟ. ಇನ್ನೊಂದು ಆಕ್ಷೇಪ ಇದಕ್ಕಿಂತ ಗಟ್ಟಿ: ಇದು ತಾಯಿಯ ತಲೆಗೆ ಮತ್ತೊಂದು ಹೊರೆಯಲ್ಲವೆ? ಹೌದು, ಹೊರೆಯೇ. 1965ರಲ್ಲಿ ಶುರುವಾದ ಮೈಸೂರಿನ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆಯ ಶಾಲಾಪೂರ್ವ ಕೇಂದ್ರದಲ್ಲೂ, 1969ರಿಂದ ನಡೆಯುತ್ತಿರುವ ಚೆನ್ನೈನ ಬಾಲವಿದ್ಯಾಲಯದಲ್ಲೂ ಮಕ್ಕಳ ಜೊತೆ ತಾಯಂದಿರೂ ತರಗತಿಯಲ್ಲಿ ಕೂರುತ್ತಾರೆ. ದೂರದ ಹಳ್ಳಿಯ ಕೂಲಿ ಹೆಣ್ಣುಮಗಳು ಹಾಗೆ ದಿನವೂ ಬಂದು ಕೂತರೆ ಮನೆಯಲ್ಲಿ ಒಲೆ ಉರಿಯುವುದು ಹೇಗೆ? ಅದಕ್ಕಾಗಿ ಕಲಿಕೆಯನ್ನು ಕೈಬಿಡುವುದು ಪರಿಹಾರವಲ್ಲ. ಅಪ್ಪ, ಅಜ್ಜಿಯರನ್ನೂ ಕೂರಿಸಬೇಕು; ಕಲಿಯುವ ದಿನಗಳ ಕೂಲಿ ಮತ್ತು ಬಸ್ ಚಾರ್ಜನ್ನು ಚಿಕಿತ್ಸೆಯ ಖರ್ಚಿಗೇ ಸೇರಿಸಬೇಕು. ಅಂಚೆಯ ಕೆಲಸ ಈಗ ಮೊಬೈಲ್ ಮಾಡಬಲ್ಲದು, ಆ ಕಡೆ ಉತ್ತರಿಸುವ ಶಿಕ್ಷಕಿಯೊಬ್ಬರಿದ್ದರೆ.

ನಿಮ್ಮ ಮನೆಯ ಕೂಸು ಸದ್ದಿಗೆ ಬೆಚ್ಚದಿದ್ದರೆ, ‘ನಮ್ಮ ವಂಶದಲ್ಲಿ ಮಾತು ತಡ’ ಎಂಬ ಸಮಾಧಾನ ನಂಬಿ ಕೂರಬೇಡಿ. ಹುಟ್ಟಿದ ಮಗುವಿಗೂ ಮಾಡಬಹುದಾದ ಶ್ರವಣ ಪರೀಕ್ಷೆ ಇದೆ. ಈ ವಾರವೇ ಮಾಡಿಸಿ.