ಕೋಣಕ್ಕೂ ಹಕ್ಕುಂಟಾ?

ಕಂಬಳದ ಸುದ್ದಿ ಪೇಪರಲ್ಲಿ ಬಂದಾಗಲೆಲ್ಲ ನಮ್ಮ ಜಗಲಿಯಲ್ಲಿ ಯಾರಾದರೊಬ್ಬರು ಕೇಳುವುದುಂಟು: "ಅಲ್ಲ ಮಾರಾಯ್ರೆ, ಕೋಣಕ್ಕೂ ಹಕ್ಕು ಅಂತ ಉಂಟಾ?" ನಕ್ಕು ಬಿಡುವ ಪ್ರಶ್ನೆಯಲ್ಲ ಇದು. ಉತ್ತರ ನಮ್ಮ ಹಟ್ಟಿಯ ತನಕ ಬರುತ್ತದೆ.

ಕೋರ್ಟು ಹೇಳಿದ್ದು

2014ರ ಮೇ 7ರಂದು ಸುಪ್ರೀಂ ಕೋರ್ಟು ಜಲ್ಲಿಕಟ್ಟು, ಎತ್ತಿನ ಗಾಡಿ ಓಟಗಳನ್ನು ನಿಲ್ಲಿಸಿತು. ಹಸಿವು, ಹೆದರಿಕೆ, ನೋವು, ಮಳೆ-ಬಿಸಿಲಿನ ಬಾಧೆ ಇಲ್ಲದೆ ತನ್ನ ಸಹಜ ರೀತಿಯಲ್ಲಿ ಬದುಕುವುದು ಪ್ರಾಣಿಗಳ ಹಕ್ಕು ಎಂದಿತು. ಇದರ ಬಿಸಿ ಕಂಬಳಕ್ಕೂ ತಟ್ಟಿತು. 2017ರಲ್ಲಿ ತಮಿಳುನಾಡು, ಮಹಾರಾಷ್ಟ್ರ, ಕರ್ನಾಟಕ ಕಾಯಿದೆಗೆ ತಿದ್ದುಪಡಿ ತಂದವು. 2023ರ ಮೇ 18ರಂದು ಐವರು ನ್ಯಾಯಮೂರ್ತಿಗಳ ಪೀಠ ಅವನ್ನು ಎತ್ತಿಹಿಡಿಯಿತು. ಪ್ರಾಣಿಗಳಿಗೆ ಮೂಲಭೂತ ಹಕ್ಕು ಉಂಟೆನ್ನಲು ಹಿಂದಿನ ತೀರ್ಪುಗಳ ಆಧಾರವಿಲ್ಲ ಎಂದೂ ಹೇಳಿತು.

ಒಂಬತ್ತು ವರ್ಷದಲ್ಲಿ ಕಾನೂನು ಬದಲಾಯಿತು. ಕೋಣ ಬದಲಾಯಿತಾ? ಬೆತ್ತದ ಪೆಟ್ಟು ಅದಕ್ಕೆ ಆಗಲೂ ನೋವು, ಈಗಲೂ ನೋವು.

ಹಕ್ಕು ಎಲ್ಲಿಂದ?

"ಕೇಳಲು ಬಾಯಿಲ್ಲದ್ದಕ್ಕೆ ಎಂಥ ಹಕ್ಕು?" ಎನ್ನುವವರಿದ್ದಾರೆ. ಆದರೆ ದೇವಸ್ಥಾನದ ಜಾಗ ದೇವರ ಹೆಸರಲ್ಲಿ ಇರುತ್ತದಲ್ಲ? ಕೋರ್ಟಿಗೆ ಹೋಗುವುದು ಮೊಕ್ತೇಸರರು. ತೊಟ್ಟಿಲ ಮಗುವಿಗೂ ಆಸ್ತಿಯಲ್ಲಿ ಹಕ್ಕುಂಟು. ಹಾಗಾಗಿ ಮಾತು ಬಾರದ್ದು ಅಡ್ಡಿಯಲ್ಲ.

"ಹಕ್ಕು ಕಾನೂನು ಕೊಟ್ಟದ್ದು" ಎನ್ನುವುದು ಇನ್ನೊಂದು ವಾದ. ಕೊಟ್ಟ ಕಾನೂನು ತೆಗೆಯಲೂಬಹುದು. ಇಂಗ್ಲೆಂಡಿನ ಜೆರೆಮಿ ಬೆಂಥಾಮ್ ಹುಟ್ಟಿನಿಂದಲೇ ಹಕ್ಕು ಬರುತ್ತದೆ ಎಂಬುದನ್ನು ಒಪ್ಪದವರು. ಆದರೂ ಪ್ರಾಣಿಗೆ ಮಾತು, ಬುದ್ಧಿ ಉಂಟಾ ಎಂದಲ್ಲ, ನೋವಾಗುತ್ತದಾ ಎಂದು ನೋಡಬೇಕು ಎಂದು 1789ರಷ್ಟು ಹಿಂದೆಯೇ ವಾದಿಸಿದ್ದರು. ನನಗೂ ಅದೇ ಸರಿ ಕಾಣುತ್ತದೆ. ಹಕ್ಕನ್ನು ಕಾಗದದಲ್ಲಿ ಬರೆಯುವವರು ಮನುಷ್ಯರೇ. ಆದರೆ ಬರೆಯಬೇಕಾಗಿ ಬಂದದ್ದು ಪ್ರಾಣಿಗೆ ನೋವಾಗುವುದರಿಂದ. ಆ ನೋವನ್ನು ಯಾವ ತಿದ್ದುಪಡಿಯೂ ತೆಗೆಯಲಾರದು.

ನಮಗೆ ಅನ್ವಯಿಸುವುದು

1960ರ ಪ್ರಾಣಿ ಹಿಂಸೆ ತಡೆ ಕಾಯಿದೆಯ 3ನೇ ಕಲಂ ಪ್ರಕಾರ ಪ್ರಾಣಿಯ ಕ್ಷೇಮ ನೋಡುವುದು ಸಾಕಿದವರ ಕರ್ತವ್ಯ. ಸಾಕಷ್ಟು ಮೇವು, ನೀರು, ಆಸರೆ ಕೊಡದಿರುವುದು, ತೀರಾ ಗಿಡ್ಡ ಹಗ್ಗದಲ್ಲಿ ಹೊತ್ತುಗಟ್ಟಲೆ ಕಟ್ಟಿಹಾಕುವುದು 11ನೇ ಕಲಮಿನಲ್ಲಿ ಅಪರಾಧ. ಮೊದಲ ಸಲದ ದಂಡ ಬರೇ 10ರಿಂದ 50 ರೂಪಾಯಿ! ಕ್ರಮಪ್ರಕಾರ ಮೂಗುದಾರ ಹಾಕಿದರೆ ತಪ್ಪಿಲ್ಲ. 1965ರ ನಿಯಮದಂತೆ ಗಾಡಿ ಎಳೆಯುವ, ಹೊರೆ ಹೊರುವ ಪ್ರಾಣಿಗೆ ದಿನಕ್ಕೆ 9 ಗಂಟೆಗಿಂತ ಹೆಚ್ಚು, ಒಂದೇ ಸಮನೆ 5 ಗಂಟೆಗಿಂತ ಹೆಚ್ಚು ಕೆಲಸ ಕೊಡಬಾರದು. ಕಂಬಳಕ್ಕೆ ವಿನಾಯಿತಿ ಸಿಕ್ಕಿರಬಹುದು, ಹಟ್ಟಿಗೆ ಇಲ್ಲ.

ಇದನ್ನು ಓದಿದ ದಿನ ನಮ್ಮ ಹಟ್ಟಿಗೆ ಹೋಗಿ ನೋಡಿದೆ. ಹಾಯುತ್ತದೆ ಎಂದು ಒಂದು ದನವನ್ನು ಗಿಡ್ಡಕ್ಕೆ ಕಟ್ಟುತ್ತಿದ್ದೆವು. ಮಲಗಿದರೆ ಅದರ ತಲೆ ನೆಲ ಮುಟ್ಟುತ್ತಿರಲಿಲ್ಲ. ಎಷ್ಟು ವರ್ಷ ಹಾಗೇ ಮಲಗಿತ್ತೋ! ದಿನಾ ಹಾಲು ಕರೆದವನು ನಾನು, ನೋಡಿರಲಿಲ್ಲ. ಹಗ್ಗ ಎರಡು ಮೊಳ ಉದ್ದ ಮಾಡಿದೆ. ಆ ರಾತ್ರಿ ಅದು ತಲೆ ನೆಲಕ್ಕಿಟ್ಟು ಮಲಗಿತು.

ನಿಮ್ಮ ಹಟ್ಟಿಯ ಹಗ್ಗ ಎಷ್ಟುದ್ದ ಉಂಟು? ಇವತ್ತು ಸಂಜೆ ಒಮ್ಮೆ ನೋಡಿ.